ಫೋಟೊದಲ್ಲಿ ನಂಬರ್ ಕಾಣಲಿ

ಎಲ್ಲರಿಗೂ ನಮಸ್ಕಾರ. ನಿನ್ನೆ ನಮ್ಮ ಗುಂಪಿಗೆ ಬಂದ, ಅರುಣಾಚಲದಲ್ಲಿ ಬಿದ್ದಿರುವ ಎರಡನೇ ಮಹಾಯುದ್ಧದ ವಿಮಾನದ ಅವಶೇಷದ ಫೋಟೊಗೆ ನಾಲ್ಕು ಜನ ನಾಲ್ಕು ವಿಮಾನದ ಹೆಸರು ಹೇಳಿದ್ದೀರಿ. ಸ್ವಲ್ಪ ತಾಳಿ! ಬರೀ ಎಂಜಿನ್ ನೋಡಿ ಹೆಸರು ಹೇಳಲಾಗದು: 14 ಸಿಲಿಂಡರಿನ ಆರ್-1830 ಎಂಜಿನ್ ಸಾಗಣೆ ವಿಮಾನ ಡಕೋಟಾದಲ್ಲೂ ಇತ್ತು, ಬಾಂಬರ್ ಲಿಬರೇಟರ್‌ನಲ್ಲೂ ಇತ್ತು. ಯುದ್ಧದ ಕಾಲದಲ್ಲಿ ನಮ್ಮ ಎಚ್‌ಎಎಲ್‌ಗೆ ರಿಪೇರಿಗೆ ಬರುತ್ತಿದ್ದ, ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನದಲ್ಲೂ ಅದೇ.

ಬೇಕಾಗಿರುವುದು ಎಂಜಿನ್ ಮೇಲಿನ ತಗಡಿನ ಪಟ್ಟಿಯ ಸೀರಿಯಲ್ ನಂಬರ್. 1943ರಿಂದ ಅಮೆರಿಕದ ವಾಯುಪಡೆ ಕಾಣೆಯಾದ ವಿಮಾನಗಳ ವರದಿಯಲ್ಲಿ ಎಂಜಿನ್ ನಂಬರನ್ನೂ ಮೆಷಿನ್‌ಗನ್ ನಂಬರನ್ನೂ ಬರೆದಿಡುತ್ತಿತ್ತು. ಅಲ್ಲಿ ತಾಳೆಯಾದರೆ ವಿಮಾನ ಸಿಕ್ಕಂತೆ. ಎಂಜಿನ್ ಬದಲಾಗುತ್ತಲೇ ಇರುತ್ತದೆ, ಹಾಗಾಗಿ ಕಾರ್ಖಾನೆಯಲ್ಲಿ ಮೊದಲು ಕೂರಿಸಿದ್ದರ ದಾಖಲೆ ನಂಬಿ ಕೂರಬೇಡಿ. ಬಾಲದ ಮೇಲಿನ ವಿಮಾನದ ನಂಬರ್ ಶುರುವಾಗುವುದು ವರ್ಷದಿಂದ; ಅಲ್ಲಿ 43ರ ಬದಲು ಬರೀ 3 ಇದ್ದರೆ ಗಾಬರಿ ಬೇಡ, ವರ್ಷದ ಮೊದಲ ಅಂಕಿ ಬಿಟ್ಟೇ ಬರೆಯುತ್ತಿದ್ದರು.

ರೆಕ್ಕೆಯ ತುಂಡುಗಳಲ್ಲಿ ಒತ್ತಿರುವುದು ಹೆಚ್ಚಾಗಿ ಬಿಡಿಭಾಗದ ನಂಬರ್. ಅದರಿಂದ ಮಾದರಿ ತಿಳಿದೀತು, ಯಾವ ವಿಮಾನ ಅಂತ ಅಲ್ಲ. (ನಾನೂ ಒಮ್ಮೆ ಇದರಲ್ಲೇ ಮೋಸ ಹೋಗಿದ್ದೆ.)

ಪಟ್ಟಿ ಉಜ್ಜಬೇಡಿ, ಕೀಳಬೇಡಿ. ಓರೆಯಾಗಿ ಟಾರ್ಚ್ ಹಿಡಿದು ಫೋಟೊ ತೆಗೆದು ಹಾಕಿ.