ಕಾಸರಗೋಡು ನಿಲ್ದಾಣದ ನವೀಕರಣ ಮತ್ತು ಮಂಗಳೂರಿನ ದಿನವಹಿ ಪ್ರಯಾಣಿಕರು

ಮಾನ್ಯ ಸಂಪಾದಕರೇ,

ಅಮೃತ್ ಭಾರತ್ ಯೋಜನೆಯಡಿ ಕಾಸರಗೋಡು ರೈಲು ನಿಲ್ದಾಣದ ನವೀಕರಣದ ಕುರಿತು ಪತ್ರಿಕೆಗಳಲ್ಲಿ ಆಗಾಗ ವರದಿಗಳು ಬರುತ್ತಿವೆ. 2023ರ ಆಗಸ್ಟ್ 6ರಂದು ದೇಶದ 508 ನಿಲ್ದಾಣಗಳ ಪುನರಭಿವೃದ್ಧಿಗೆ ಪ್ರಧಾನಿಯವರು ಶಂಕುಸ್ಥಾಪನೆ ನೆರವೇರಿಸಿದಾಗ ಕೇರಳದಿಂದ ಆಯ್ಕೆಯಾಗಿದ್ದ ಐದರಲ್ಲಿ ನಮ್ಮ ನಿಲ್ದಾಣವೂ ಇತ್ತೆಂಬುದು ಸಂತೋಷದ ಸಂಗತಿಯೇ. ಆದರೆ ಇಲ್ಲಿಂದ ಪ್ರತಿದಿನ ರೈಲು ಹತ್ತುವವರು ಯಾವ ದಿಕ್ಕಿಗೆ ಹೋಗುತ್ತಾರೆ ಎಂಬ ಪ್ರಶ್ನೆಯನ್ನು ಈ ಚರ್ಚೆಯಲ್ಲಿ ಯಾರೂ ಎತ್ತಿದಂತಿಲ್ಲ.

1861ರಲ್ಲಿ ತಿರೂರು ಮತ್ತು ಬೇಪೂರಿನ ನಡುವೆ ಮೊದಲು ಓಡಿದ ಮದ್ರಾಸ್ ರೈಲ್ವೆ ಕಂಪನಿಯ ರೈಲು, ಹಂತ ಹಂತವಾಗಿ ಉತ್ತರಕ್ಕೆ ಸಾಗಿ ಮಂಗಳೂರನ್ನು ಮುಟ್ಟಿದ್ದು 1907ರಲ್ಲಿ. ಕಳನಾಡಿನಲ್ಲಿ ಗುಡ್ಡ ಕೊರೆದು ಸುರಂಗ ಮಾಡಿ, ಚಂದ್ರಗಿರಿ, ಮೊಗ್ರಾಲ್, ಶಿರಿಯ, ಉಪ್ಪಳ, ನೇತ್ರಾವತಿ ಹೀಗೆ ಹೊಳೆ ಹೊಳೆಗೂ ಸೇತುವೆ ಕಟ್ಟಿ ಹಾಕಿದ ಹಳಿಯಿದು. ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಜಿಲ್ಲಾ ಕಚೇರಿ, ದೊಡ್ಡ ಕೋರ್ಟು, ಕಾಲೇಜು, ಆಸ್ಪತ್ರೆ ಎಲ್ಲವೂ ಮಂಗಳೂರಿನಲ್ಲಿದ್ದವು. ಪ್ರಾಂತ್ಯದ ರಾಜಧಾನಿಯಲ್ಲಿ ಕೆಲಸವಿದ್ದವರಷ್ಟೇ ದಕ್ಷಿಣದ ಕಡೆಗೆ ಹೊರಟು ಮದ್ರಾಸಿನ ದಾರಿ ಹಿಡಿಯುತ್ತಿದ್ದರು.

1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿತು, 1984ರಲ್ಲಿ ಜಿಲ್ಲೆಯಾಯಿತು. ಅಲ್ಲಿಂದ ರೈಲಿನ ವಿಚಾರದಲ್ಲಿಯೂ ಆಳುವವರ ಕಣ್ಣು 550 ಕಿ.ಮೀ.ಗೂ ಆಚೆ ಇರುವ ತಿರುವನಂತಪುರದ ಕಡೆಗೇ ನೆಟ್ಟಿತು. 2023ರ ಏಪ್ರಿಲ್‌ನಲ್ಲಿ ಆರಂಭವಾದ ಕಾಸರಗೋಡು–ತಿರುವನಂತಪುರ ವಂದೇ ಭಾರತ್ ರೈಲು, ಸಚಿವಾಲಯದ ಮೆಟ್ಟಿಲು ಹತ್ತಬೇಕಾದವರಿಗೆ ಬಹಳ ಉಪಕಾರ ಮಾಡಿದೆ. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಅದು ಮಂಗಳೂರಿನ ದಾರಿಯ ಕುಂಬಳೆ, ಉಪ್ಪಳ, ಮಂಜೇಶ್ವರಗಳಲ್ಲಿ ನಿಲ್ಲುವ ಗಾಡಿಯಲ್ಲ. ನಮ್ಮ ಜನರ ಓಡಾಟವೋ ಗಡಿ ಬದಲಾದ ಮಾತ್ರಕ್ಕೆ ಬದಲಾಗಲಿಲ್ಲ. ಬೆಳಗ್ಗೆ ಉಪ್ಪಳದ ಪ್ಲಾಟ್‌ಫಾರಂನಲ್ಲಿ ನಿಂತು ನೋಡಿದರೆ ಇದು ತಿಳಿಯುತ್ತದೆ: ಸೀಸನ್ ಟಿಕೆಟಿನ ಕಾಲೇಜು ಮಕ್ಕಳು, ಅಂಗಡಿಗಳಲ್ಲಿ ದುಡಿಯುವವರು, ಅವರ ನಡುವೆ ಎಕ್ಸ್‌ರೇ ಕವರು ಮಡಚದಂತೆ ಎದೆಗೊತ್ತಿಕೊಂಡು ಜನರಲ್ ಬೋಗಿಯ ಬಾಗಿಲಲ್ಲೇ ಕಾಲೂರಲು ಜಾಗ ಹುಡುಕುವ ಅಜ್ಜ. ಇವರೆಲ್ಲ ಹೋಗುವುದು ಮಂಗಳೂರಿಗೆ. 2020ರಲ್ಲಿ ಕೊರೊನಾದಿಂದ ರೈಲು ನಿಂತು ರಾಜ್ಯದ ಗಡಿಯಾದ ತಲಪಾಡಿಯ ರಸ್ತೆಯೂ ಮುಚ್ಚಿದಾಗ ಈ ಭಾಗದ ರೋಗಿಗಳು ಪಟ್ಟ ಪಾಡನ್ನು ಇಲ್ಲಿ ಮತ್ತೆ ವಿವರಿಸಬೇಕಾಗಿಲ್ಲ.

ರಾಜ್ಯಗಳೆರಡಾದರೂ ರೈಲ್ವೆಯ ಲೆಕ್ಕದಲ್ಲಿ ಕಾಸರಗೋಡು ಮತ್ತು ಮಂಗಳೂರು ಸೆಂಟ್ರಲ್ ಎರಡೂ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೇ ಸೇರಿವೆ. ಇವೆರಡರ ನಡುವೆ ಒಂದು ಸಣ್ಣ ಗಾಡಿ ಓಡಿಸಲು ಬೇರೊಂದು ವಲಯದ ಒಪ್ಪಿಗೆಗಾಗಿ ಕಾಯಬೇಕಾದ ಪ್ರಮೇಯವೇ ಇಲ್ಲ. ದೂರವೂ 50 ಕಿ.ಮೀ. ಒಳಗೆ. ಮಾರ್ಗ ಜೋಡಿಹಳಿಯಾಗಿದೆ, ವಿದ್ಯುದೀಕರಣ ಮುಗಿದಿದೆ. ಮಂಗಳೂರು ಸೆಂಟ್ರಲ್‌ನಲ್ಲಿ ಹೊಸ ಪ್ಲಾಟ್‌ಫಾರಂಗಳೂ ಸೇರಿಕೊಂಡಿರುವುದರಿಂದ ಅಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲವೆಂಬ ಹಳೆಯ ಸಬೂಬಿಗೂ ಈಗ ಬಲವಿಲ್ಲ.

ಆದ್ದರಿಂದ ಕಾಸರಗೋಡಿನ ಹೊಸ ಕಟ್ಟಡ, ಲಿಫ್ಟು, ವಾಹನ ನಿಲುಗಡೆಗಳಿಗೆ ಕೊಡುವಷ್ಟೇ ಗಮನವನ್ನು ವಿಭಾಗದ ಅಧಿಕಾರಿಗಳು ಈ ಪ್ರಯಾಣಿಕರ ವೇಳಾಪಟ್ಟಿಗೂ ಕೊಡಬೇಕು. ಕಾಲೇಜು ಮತ್ತು ಆಸ್ಪತ್ರೆಯ ಓಪಿ ಚೀಟಿಯ ಹೊತ್ತಿಗೆ ಮಂಗಳೂರು ತಲುಪುವಂತೆ ಬೆಳಗ್ಗೆ ಒಂದು, ಅಂಗಡಿ ಮುಚ್ಚಿದ ಮೇಲೆ ಮನೆಗೆ ಮರಳುವವರಿಗೆ ರಾತ್ರಿ ಒಂದು ಹೆಚ್ಚುವರಿ ಮೆಮು (ಕಡಿಮೆ ದೂರದ ವಿದ್ಯುತ್) ರೈಲು ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವಂತೆ ಓಡಲಿ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಸಂಸದರಿಬ್ಬರೂ ಪಕ್ಷ ಬದಿಗಿಟ್ಟು ಮುಂದಿನ ವೇಳಾಪಟ್ಟಿ ಪರಿಷ್ಕರಣೆಗೆ ಮೊದಲು ಈ ಬೇಡಿಕೆಯನ್ನು ಜಂಟಿಯಾಗಿ ಪಾಲಕ್ಕಾಡಿನ ವಿಭಾಗೀಯ ಕಚೇರಿಯ ಮುಂದಿಡಬೇಕೆಂದು ವಿನಂತಿ.

ಇತಿ,
ಓರ್ವ ಓದುಗ, ಉಪ್ಪಳ