ಕೆಂಪು ನಾಬ್ ಮಕ್ಕಳ ಕೈಗೆ ಸಿಗಲಿ

ಮಾನ್ಯ ಸಂಪಾದಕರೇ,

ನಾನು ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ 31 ವರ್ಷ ಸ್ಕೂಟರ್, ಬೈಕ್ ರಿಪೇರಿ ಮಾಡಿದವನು. ಈಗ ಮನೆಯಲ್ಲಿದ್ದೇನೆ. ಒಂಬತ್ತನೇ ತರಗತಿಯ ಮೊಮ್ಮಗ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುತ್ತಾನೆ, ನಾನು ಪಕ್ಕದಲ್ಲಿ ಕೂತು ನೋಡುತ್ತೇನೆ.

ಮೊನ್ನೆ ಲೇಹ್‌ನಿಂದ ಸೆಸ್ನಾ 172 ಎಂಬ ಸಣ್ಣ ವಿಮಾನ ಏರಿಸಿದ. ಆ ನಿಲ್ದಾಣ ಇರುವುದೇ 10,600 ಅಡಿ ಮೇಲೆ. ನಮ್ಮ ಊರು ಸುಮಾರು 2,000 ಅಡಿ. ವಿಮಾನ ನಿಧಾನವಾಗಿಯಾದರೂ ಏರಿತು. ‘ಅಷ್ಟು ಎತ್ತರದಲ್ಲಿ ಪೆಟ್ರೋಲು, ಗಾಳಿ ಹೊಂದಿಸಿದ್ದು ಯಾರು?’ ಅಂತ ಕೇಳಿದೆ. ‘ಅದು ಆಟೊ ಐತೆ ಅಜ್ಜ’ ಅಂದ. ಆ ಆಟೊ ಮಿಕ್ಸ್ಚರ್ ಆಫ್ ಮಾಡಿಸಿದೆ. ಈ ಮಿಕ್ಸ್ಚರ್ ಹೊಂದಿಸುವುದು ಒಂದು ಕೆಂಪು ನಾಬ್: ಒಳಗೊತ್ತಿದರೆ ಪೆಟ್ರೋಲ್ ಜಾಸ್ತಿ, ಹೊರಗೆಳೆದರೆ ಕಡಿಮೆ. ಅದನ್ನು ಪೂರ್ತಿ ಒಳಗಿಟ್ಟೇ ಮತ್ತೆ ಹೊರಟ. ಇಂಜಿನ್ ಗೊರಗುಟ್ಟಿತು, ಆರ್‌ಪಿಎಂ ಮೇಲೇಳಲಿಲ್ಲ, ರನ್‌ವೇ ಮುಗಿದೇ ಹೋಯಿತು.

ಈ ಕಾಯಿಲೆ ನನಗೆ ಹೊಸದಲ್ಲ. ಮುಳ್ಳಯ್ಯನಗಿರಿಗೆ ಹೋಗಿ ಬಂದ ಹುಡುಗರು ‘ಮೇಲೆ ಪಿಕಪ್ಪೇ ಇರ್ಲಿಲ್ಲ ಅಣ್ಣ’ ಅಂತ ಬೈಕ್ ತರುತ್ತಿದ್ದರು. ಪ್ಲಗ್ ಬಿಚ್ಚಿದರೆ ಮಸಿ. 6,300 ಅಡಿಗೇ ಹಾಗೆ. ಮೇಲೆ ಹೋದಷ್ಟೂ ಗಾಳಿ ತೆಳುವಾಗುತ್ತದೆ, ಪೆಟ್ರೋಲ್, ಗಾಳಿ ಬೆರೆಸುವ ಕಾರ್ಬುರೇಟರಿಗೆ ಅದು ಗೊತ್ತಾಗುವುದಿಲ್ಲ, ಪೆಟ್ರೋಲ್ ಜಾಸ್ತಿಯೇ ಸುರಿಯುತ್ತದೆ. ಟರ್ಬೊ ಇಲ್ಲದ ಇಂಜಿನ್ ಸಾವಿರ ಅಡಿಗೆ ಹೆಚ್ಚುಕಡಿಮೆ ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಅದರ ಮೇಲೆ ಈ ಮಸಿ ಬೇರೆ.

ನಾಬ್ ಮೆಲ್ಲಗೆ ಹೊರಗೆಳೆಯಲು ಹೇಳಿದೆ. ಆರ್‌ಪಿಎಂ ಏರಿತು, ಏರಿತು, ಆಮೇಲೆ ಬೀಳತೊಡಗಿತು. ಬೀಳುವ ಮುಂಚಿನ ಜಾಗವನ್ನು ಅವನೇ ಕಿವಿಯಿಂದ ಹುಡುಕಿಕೊಂಡ. ಆಮೇಲೆ ಕಣಿವೆ ಹಿಡಿದು ಶ್ರೀನಗರದ ಕಡೆ ಇಳಿಯುವಾಗ ನಾಬ್ ಒಳಗೆ ಒತ್ತುವುದನ್ನು ಮರೆತ. ಕೆಳಗೆ ಗಾಳಿ ದಟ್ಟ, ಪೆಟ್ರೋಲ್ ಸಾಲಲಿಲ್ಲ, ಮಿಸ್ಸಿಂಗ್ ಶುರುವಾಯಿತು. ಆ ತಪ್ಪನ್ನು ಅವನು ಇನ್ನು ಮರೆಯುವುದಿಲ್ಲ.

ವಿಮಾನ ಹಾರಿಸುವ ಈ ಸಿಮ್ಯುಲೇಟರ್ ಹಾಕಿಸಿ ಅಂತ ಒಂದು ಶಾಲೆಯ ಕಂಪ್ಯೂಟರ್ ಲ್ಯಾಬಿಗೆ ಹೋಗಿ ಕೇಳಿದೆ. ‘ಗೇಮ್ ಎಲ್ಲ ಇಲ್ಲಿ ಬೇಡ’ ಅಂದರು. ಬಹಳ ಬೇಜಾರಾಯಿತು. ಈಗಿನ ಬೈಕುಗಳಿಗೆ ಕಾರ್ಬುರೇಟರ್ ಬದಲು ಎಫ್‌ಐ (ಫ್ಯುಯೆಲ್ ಇಂಜೆಕ್ಷನ್) ಬಂದಿದೆ, ಎಲ್ಲ ಅದೇ ನೋಡಿಕೊಳ್ಳುತ್ತದೆ. ಕಾರ್ಬುರೇಟರಿನ ಏರ್ ಸ್ಕ್ರೂ ತಿರುಗಿಸಿ ಕಲಿಯುವ ಭಾಗ್ಯ ಈ ಮಕ್ಕಳಿಗೆ ಇನ್ನೆಲ್ಲಿ ಸಿಗುತ್ತದೆ? ಫ್ಲೈಟ್‌ಗಿಯರ್ ಎಂಬ ಸಿಮ್ಯುಲೇಟರ್ ಪುಕ್ಕಟೆ ಸಿಗುತ್ತದೆ, ಅದರಲ್ಲೂ ಇದೇ ಸೆಸ್ನಾ 172 ಇದೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ 2017ರಿಂದ ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರವಿದೆ. ಅಲ್ಲಿ ಪೈಲಟ್ ಇಲ್ಲದ ವಿಮಾನ ಹಾರಿಸಿ ನೋಡುತ್ತಾರೆ. ಅಂಥ ಕೆಲಸಕ್ಕೆ ನಮ್ಮ ಮಕ್ಕಳೂ ಹೋಗಬೇಕು ಅಲ್ವಾ?

ನಮ್ಮ ಎರಡೂ ಜಿಲ್ಲೆಗಳ ಪ್ರೌಢಶಾಲೆ, ಐಟಿಐಗಳು ಇದನ್ನು ಲ್ಯಾಬಿಗೆ ಹಾಕಿಸಲಿ, ಮಿಕ್ಸ್ಚರ್ ಮಾತ್ರ ಮಕ್ಕಳ ಕೈಯಲ್ಲೇ ಇರಲಿ. ಹೇಳಿಕೊಡುವವರು ಇಲ್ಲ ಅಂದರೆ ಶನಿವಾರ ಮಧ್ಯಾಹ್ನ ನಾನೇ ಬರುತ್ತೇನೆ. ನನ್ನ ಹತ್ತಿರ ಹಳೇ ಚೇತಕ್ ಸ್ಕೂಟರಿನ ಕಾರ್ಬುರೇಟರ್ ಒಂದಿದೆ, ಬಿಚ್ಚಿ ತೋರಿಸಲು ಅದನ್ನೂ ತರುತ್ತೇನೆ.

– ಒಬ್ಬ ನಿವೃತ್ತ ಮೆಕ್ಯಾನಿಕ್, ದಾವಣಗೆರೆ