ಗುಂಡನ ಮುಖ ನೋಡಬೇಡ, ಹಿಕ್ಕೆ ಎಣಿಸು

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ಅರ್ಧ ಮಾತು, ಅರ್ಧ ಅಳು. ನಾನು ಹೇಳಿದ್ದರಲ್ಲಿ ನಿನ್ನ ಕಿವಿಗೆ ಬಿದ್ದದ್ದು ಎಷ್ಟೋ ಏನೋ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಬೈಕೋಬೇಡ.

ನಿನ್ನ ಮೊಲ ಗುಂಡ ಊಟ ಬಿಟ್ಟದ್ದು ನಿನ್ನಿಂದಲೇ ಅಂತ ಹತ್ತು ಸಲ ಅಂದೆ. ಅದನ್ನು ಕೆದಕುವ ಹೊತ್ತು ಇದಲ್ಲ. ಸಂಜೆ ಆರಕ್ಕೆ ಅವನು ಸೊಪ್ಪು ಮೂಸಿ ಮುಖ ತಿರುಗಿಸಿದ. ಒಂಬತ್ತಕ್ಕೆ ನೀನು ಡಾಕ್ಟರ ಮುಂದೆ ಕೂತಿದ್ದೆ. ಮೂರೇ ಗಂಟೆ. ನಾನು ಹದಿನಾರು ಗಂಟೆ ಕಾದವಳು.

ಬೆಳ್ಳಿಯ ಕತೆ ನಿನಗೆ ಅರ್ಧ ಮಾತ್ರ ಗೊತ್ತು. 'ದೊಡ್ಡಮ್ಮನ ಮೊಲ ಹೊಟ್ಟೆನೋವಿನಿಂದ ಸತ್ತುಹೋಯಿತು' ಅಂತ ಮನೆಯಲ್ಲಿ ಹೇಳುತ್ತಾರೆ. ನಡೆದದ್ದು ಬೇರೆ. ಒಂದು ಸಂಜೆ ಅವಳು ಮೂಲೆಯಲ್ಲಿ ಮುದುಡಿ ಕೂತಳು. ನಾನು ನಿದ್ದೆ ಅಂದುಕೊಂಡೆ. ರಾತ್ರಿ ಹಲ್ಲು ಕಡಿಯುವ ಸದ್ದು ಕೇಳಿಸಿತು. ಮುದ್ದು ಮಾಡಿದಾಗಲೂ ಮೊಲ ಮೆಲ್ಲಗೆ ಹಲ್ಲು ಉಜ್ಜುತ್ತದಲ್ಲ, ಅದೇ ಇರಬೇಕು ಅಂದುಕೊಂಡೆ. ಅದು ನೋವಿನ ಸದ್ದು. ಜೋರಾಗಿರುತ್ತದೆ, ಒರಟಾಗಿರುತ್ತದೆ, ಯಾರೂ ಮುಟ್ಟದೆ ಇದ್ದಾಗಲೂ ಬರುತ್ತದೆ. ಗೊತ್ತಿದ್ದವರೊಬ್ಬರು 'ಹೊಟ್ಟೆಯಲ್ಲಿ ಕೂದಲುಂಡೆ ಆಗಿದೆ, ಅನಾನಸ್ ರಸ ಕುಡಿಸು' ಅಂದರು. ಕುಡಿಸಿದೆ. ಬೆಳಗಾಗಲಿ ನೋಡೋಣ ಅಂತ ಮಲಗಿದೆ. ಬೆಳಿಗ್ಗೆ ಅವಳ ಕಿವಿ ಐಸಿನ ಹಾಗೆ ತಣ್ಣಗಿತ್ತು. ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಮುಗಿದಿತ್ತು.

ಅನಾನಸ್ ರಸಕ್ಕೆ ಕೂದಲನ್ನು ಕರಗಿಸುವ ಶಕ್ತಿ ಇಲ್ಲ ಅಂತ ಆಮೇಲೆ ತಿಳಿಯಿತು. ಪಪ್ಪಾಯದ್ದೂ ಅದೇ ಕತೆ. ಮೊಲ ದಿನವೂ ಮೈ ನೆಕ್ಕುತ್ತದೆ, ಹೊಟ್ಟೆಗೆ ಕೂದಲು ಹೋಗಿಯೇ ಹೋಗುತ್ತದೆ. ಚೆನ್ನಾಗಿರುವ ಮೊಲದ ಹೊಟ್ಟೆಯಲ್ಲೂ ಕೂದಲಿರುತ್ತದೆ. ಕರುಳು ಓಡುತ್ತಿದ್ದರೆ ಅದು ಹಿಕ್ಕೆಯ ಜೊತೆ ಹೊರಗೆ ಬರುತ್ತದೆ. ಓಟ ನಿಂತಾಗ ಒಳಗಿನದೆಲ್ಲ ಒಣಗಿ, ಕೂದಲೂ ಮೇವೂ ಸೇರಿ ಗಟ್ಟಿಯಾಗುತ್ತದೆ. ಹೆಚ್ಚಿನ ಸಲ ಉಂಡೆಯಿಂದ ಕಾಯಿಲೆ ಅಲ್ಲ, ಕಾಯಿಲೆಯಿಂದ ಉಂಡೆ.

ಡಾಕ್ಟರ್ ನಿನಗೆ 'ಜಿಐ ಸ್ಟಾಸಿಸ್' ಅಂದರಲ್ಲ, ಅದು ಇದೇ. ಕರುಳು ನಿಧಾನವಾಗುವುದು, ಕೊನೆಗೆ ನಿಂತೇ ಹೋಗುವುದು. ಮೊಲದ ಹೊಟ್ಟೆ ಬೀಸುವ ಕಲ್ಲಿನ ಹಾಗೆ. ಮೇಲಿಂದ ಹಾಕುತ್ತಲೇ ಇರಬೇಕು, ತಿರುಗುತ್ತಲೇ ಇರಬೇಕು. ನಾರು ಹೋಗದಿದ್ದರೆ ಕರುಳು ಸುಮ್ಮನಾಗುತ್ತದೆ. ಒಳಗಿನ ನೀರು ಆರುತ್ತದೆ. ಗ್ಯಾಸ್ ತುಂಬುತ್ತದೆ. ಗ್ಯಾಸಿನಿಂದ ನೋವು, ನೋವಿನಿಂದ ಊಟ ಬೇಡ, ಊಟ ಇಲ್ಲದೆ ಕರುಳು ಇನ್ನೂ ನಿಧಾನ. ವಾಂತಿ ಮಾಡಿ ಹಗುರಾಗೋಣ ಅಂದರೆ ಮೊಲಕ್ಕೆ ವಾಂತಿಯೇ ಬರುವುದಿಲ್ಲ. ಉಪವಾಸ ಎಳೆದರೆ ಲಿವರಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ, ದಪ್ಪ ಮೊಲಗಳಲ್ಲಿ ಇನ್ನೂ ಬೇಗ. ಅದಕ್ಕೇ ನಾಯಿಗೆ ಹೊಟ್ಟೆ ಕೆಟ್ಟಾಗ ಒಂದು ಹೊತ್ತು ಹಸಿದಿರಲಿ ಅಂತ ಬಿಟ್ಟ ಹಾಗೆ ಮೊಲವನ್ನು ಬಿಡಬಾರದು. ಹತ್ತು ಹನ್ನೆರಡು ಗಂಟೆ ಏನೂ ತಿಂದಿಲ್ಲ, ಹಿಕ್ಕೆ ಹಾಕಿಲ್ಲ ಅಂದರೆ ಅದು ಮಧ್ಯರಾತ್ರಿಯಲ್ಲೂ ಓಡಬೇಕಾದ ವಿಷಯ.

ಈಗ ಮನೆಯಲ್ಲಿ ನೀನು ಮಾಡಬೇಕಾದ್ದು.

ಮೊದಲು ಬೆಚ್ಚಗಿಡು. ಮೊಲದ ಮೈ ಸಾಮಾನ್ಯವಾಗಿ 38.5ರಿಂದ 40 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ನಮ್ಮದಕ್ಕಿಂತ ಜಾಸ್ತಿ. 38ಕ್ಕಿಂತ ಕೆಳಗಿಳಿದರೆ ಡಾಕ್ಟರಿಗೆ ಫೋನ್ ಮಾಡು. ಥರ್ಮಾಮೀಟರ್ ಹಿಂದಿನಿಂದ ಹಾಕಬೇಕು. ಅದನ್ನು ಅವರ ಕೈಯಿಂದಲೇ ಕಲಿತುಕೋ, ನೀನಾಗಿ ಪ್ರಯೋಗ ಮಾಡಬೇಡ. ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ ಪಕ್ಕದಲ್ಲಿಡು. ಸೆಕೆ ಆದರೆ ಅವನು ದೂರ ಸರಿಯುವಷ್ಟು ಜಾಗ ಇರಲಿ. ಮೈ ತಣ್ಣಗಿರುವಾಗ ಹೊಟ್ಟೆಗೆ ಏನೂ ತುರುಕಬೇಡ. ಬಿಸಿ ಏರಿದ ಮೇಲೆ ಊಟ.

ನೋವಿನ ಔಷಧಿಯನ್ನು ಹೇಳಿದ ಹೊತ್ತಿಗೆ ಕೊಡು. 'ಸ್ವಲ್ಪ ಗೆಲುವಾಗಿದ್ದಾನೆ, ಇವತ್ತು ಬಿಡೋಣ' ಅನ್ನಬೇಡ. ಗೆಲುವಾಗಿರುವುದು ಆ ಔಷಧಿಯಿಂದಲೇ. ನೋವು ಇಳಿಯದೆ ಯಾವ ಮೊಲವೂ ತಾನಾಗಿ ಬಾಯಿ ಹಾಕುವುದಿಲ್ಲ.

ಇನ್ನು ಸಿರಿಂಜಿನಿಂದ ಬಾಯಿಗೆ ಊಟ ಕೊಡುವುದು. ನಿನಗೆ ಅಳು ತರಿಸಿದ್ದು ಇದೇ, ಅಲ್ವಾ? ನಿನ್ನೆ ಮುಕ್ಕಾಲು ಪಾಲು ನಿನ್ನ ಬಟ್ಟೆಗೇ ಹೋಯಿತು ಅಂದೆ. ನನ್ನ ಮೊದಲ ದಿನವೂ ಹಾಗೇ ಇತ್ತು. ಗುಂಡನನ್ನು ಟವೆಲ್‌ನಲ್ಲಿ ಸುತ್ತು, ಕಾಲುಗಳು ಒಳಗಿರಲಿ, ತಲೆ ಮಾತ್ರ ಹೊರಗೆ. ಮಡಿಲಿನಲ್ಲಿ ಅಥವಾ ಮೇಜಿನ ಮೇಲೆ, ಅವನ ಬೆನ್ನು ನಿನ್ನ ಹೊಟ್ಟೆಗೆ ತಾಗುವ ಹಾಗೆ ಕೂರಿಸು. ಅಂಗಾತ ಮಲಗಿಸಬೇಡ. ಅಂಗಾತ ಮಲಗಿದ ಮೊಲ ಅಲ್ಲಾಡದೆ ಇರುವುದು ಸಮಾಧಾನದಿಂದಲ್ಲ, ಹೆದರಿಕೆಯಿಂದ. ಅದೂ ಅಲ್ಲದೆ ಊಟ ಶ್ವಾಸಕ್ಕೆ ಹೋಗುತ್ತದೆ. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಖಾಲಿ ಜಾಗ ಇದೆ. ಬಾಯಿಯ ಪಕ್ಕದಿಂದ ಸಿರಿಂಜಿನ ತುದಿಯನ್ನು ಅಲ್ಲಿಗೆ ತಾಗಿಸು. ಒಂದು ಮಿಲಿಲೀಟರ್, ಅದಕ್ಕಿಂತ ಕಡಿಮೆ ಆದರೂ ಸರಿ. ಅಗಿಯಲಿ. ನುಂಗಲಿ. ಆಮೇಲೆ ಇನ್ನೊಂದು. ತಲೆಯನ್ನು ಮೇಲಕ್ಕೆ ಎತ್ತಬೇಡ. ಕೆಮ್ಮಿದರೆ, ಮೂಗಿನಿಂದ ಏನಾದರೂ ಬಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ಹೇಳು. ಡಾಕ್ಟರ್ ಹೇಳಿದ ಊಟದ ಪುಡಿಯನ್ನು ಎಷ್ಟು ನೀರಿಗೆ ಕಲಸಬೇಕು, ದಿನಕ್ಕೆ ಎಷ್ಟು ಕೊಡಬೇಕು ಅನ್ನುವುದು ಅವನ ತೂಕ ನೋಡಿ ಅವರು ಬರೆದುಕೊಟ್ಟ ಹಾಗೇ ಇರಲಿ. ಒಂದೇ ಸಲ ಹೊಟ್ಟೆ ತುಂಬಿಸುವ ಹಟ ಬೇಡ. ಸ್ವಲ್ಪ ಸ್ವಲ್ಪ, ನಾಲ್ಕಾರು ಸಲ. ಮುಗಿದ ಮೇಲೆ ಗಲ್ಲ ಒರೆಸು. ಅಂಟಿಕೊಂಡು ಒಣಗಿದರೆ ಕೂದಲು ಉದುರಿ ಚರ್ಮ ಹುಣ್ಣಾಗುತ್ತದೆ.

ಒಂದು ಎಚ್ಚರಿಕೆ. ನಿನ್ನ ಡಾಕ್ಟರ್ ಎಕ್ಸ್‌ರೇ ತೆಗೆದು, ಕಿವಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡಿ, ಆಮೇಲೇ ಊಟ ಕೊಡಲು ಹೇಳಿದರಲ್ಲ. 'ಮೊಲಕ್ಕೂ ಶುಗರ್ ಟೆಸ್ಟಾ' ಅಂತ ನೀನು ನಕ್ಕೆ. ಕರುಳಿಗೆ ಏನಾದರೂ ಸಿಕ್ಕಿಕೊಂಡು ದಾರಿ ಮುಚ್ಚಿದ್ದರೆ ರಕ್ತದ ಸಕ್ಕರೆ ತುಂಬಾ ಏರುತ್ತದೆ, ಡೆಸಿಲೀಟರಿಗೆ 360 ಮಿಲಿಗ್ರಾಂ ದಾಟುವುದೂ ಉಂಟು. ಬರೀ ನಿಧಾನವಾದ ಕರುಳಿನಲ್ಲಿ ಸಾಮಾನ್ಯವಾಗಿ ಅಷ್ಟು ಏರುವುದಿಲ್ಲ. ದಾರಿ ಮುಚ್ಚಿದ ಹೊಟ್ಟೆಗೆ ಊಟ ತಳ್ಳಿದರೆ ಒಡೆಯಬಹುದು. ಕರುಳು ಓಡಿಸುವ ಔಷಧಿಯೂ ಆಗ ಬೇಡ. ಹಾಗಾಗಿ ಮುಂದೆ ಯಾವತ್ತಾದರೂ ಗುಂಡನ ಹೊಟ್ಟೆ ಇದ್ದಕ್ಕಿದ್ದಂತೆ ಡೋಲಿನ ಹಾಗೆ ಬಿಗಿದರೆ, ಮೈ ತಣ್ಣಗಾಗಿ ಜೋತುಬಿದ್ದರೆ, ಸಿರಿಂಜ್ ಮುಟ್ಟಬೇಡ. ಕಾರ್ ಹತ್ತು.

ಮನೆಯ ಔಷಧಿ ಡಬ್ಬಿಗೂ ಕೈ ಹಾಕಬೇಡ. ನಮಗೆ ಗಂಟಲುನೋವಿಗೆ ಕೊಡುವ ಅಮಾಕ್ಸಿಸಿಲಿನ್ ಬಾಯಿಂದ ಹೋದರೆ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಕೆಟ್ಟವು ಬೆಳೆದು ವಿಷ ಮಾಡುತ್ತವೆ. ಪ್ರಾಣವೇ ಹೋಗಬಹುದು. ಬೇರೆ ಡಾಕ್ಟರ್ ಯಾರಾದರೂ ಆಂಟಿಬಯೋಟಿಕ್ ಬರೆದರೆ 'ಇದು ಮೊಲಕ್ಕೆ ಆಗುತ್ತದಾ' ಅಂತ ಕೇಳು. ನಾಯಿ ಬೆಕ್ಕುಗಳನ್ನೇ ನೋಡಿ ರೂಢಿಯಾದವರಿಗೆ ಇದು ಹೊಳೆಯದೆ ಇರಬಹುದು. ಕೇಳೋಕೆ ನಾಚಿಕೆ ಏಕೆ?

ಇನ್ನು ಮುಖ್ಯವಾದದ್ದು. ಒಂದು ನೋಟ್‌ಬುಕ್ ಇಡು. ಫೋನ್ ಮಾಡಿದಾಗಲೆಲ್ಲ 'ಮುಖ ಬಾಡಿದೆ', 'ಇವತ್ತು ಕಣ್ಣು ಹೊಳೆಯುತ್ತಿದೆ' ಅನ್ನುತ್ತೀಯ. ಮೊಲದ ಮುಖ ನಂಬಬೇಡ. ಅದು ಬೇಟೆಗೆ ಸಿಕ್ಕುವ ಪ್ರಾಣಿ. ಹುಷಾರಿಲ್ಲ ಅಂತ ತೋರಿಸಿಕೊಂಡರೆ ಮೊದಲು ಅದನ್ನೇ ಹಿಡಿಯುತ್ತಾರೆ ಅಂತ ಅದರ ರಕ್ತಕ್ಕೇ ಗೊತ್ತು. ಕೊನೆಯವರೆಗೂ ಮುಚ್ಚಿಡುತ್ತದೆ. ಹಿಕ್ಕೆ ಮುಚ್ಚಿಡಲು ಬರುವುದಿಲ್ಲ. ಬೆಳಿಗ್ಗೆ, ಸಂಜೆ ತಟ್ಟೆ ಗುಡಿಸಿ ಎಣಿಸು. ಎಷ್ಟು, ಯಾವ ಗಾತ್ರ, ಒಣಗಿದ್ದೋ ಹಸಿಯೋ, ಕೂದಲಿನಿಂದ ಮಣಿಸರದ ಹಾಗೆ ಪೋಣಿಸಿಕೊಂಡಿದೆಯೋ, ಮೇಲೆ ಲೋಳೆ ಇದೆಯೋ ಬರೆದಿಡು. ಅಡುಗೆಮನೆಯ ತೂಕದ ಯಂತ್ರದ ಮೇಲೆ ಬುಟ್ಟಿ ಇಟ್ಟು ದಿನವೂ ಒಂದೇ ಹೊತ್ತಿಗೆ ತೂಗು. ಎಷ್ಟು ಮಿಲಿಲೀಟರ್ ಒಳಗೆ ಹೋಯಿತು, ಮೂತ್ರ ಮಾಡಿದನಾ, ಅದೂ ಇರಲಿ. ಡಾಕ್ಟರ್ ಕೇಳಿದಾಗ 'ಪರವಾಗಿಲ್ಲ' ಅನ್ನುವುದಕ್ಕಿಂತ ಆ ಪುಟ ತೋರಿಸು. ಮನೆಯವರು ನಗುತ್ತಾರೆ. ನಗಲಿ.

ಮೊದಲು ಬರುವ ಹಿಕ್ಕೆ ಸಣ್ಣದಾಗಿ, ಕಪ್ಪಾಗಿ, ವಕ್ರವಾಗಿ ಇರುತ್ತದೆ. ಹೆದರಬೇಡ, ಅದು ಹಳೆಯ ಸರಕು. ಆದರೆ ಒಂದು ಬಂತು ಅಂತ ಸಿರಿಂಜ್ ಎತ್ತಿಡಲೂ ಬೇಡ. ತಾನಾಗಿ ಹುಲ್ಲು ತಿಂದು, ದುಂಡಗೆ, ಒಂದೇ ಗಾತ್ರದಲ್ಲಿ ಹಾಕುವವರೆಗೆ ಮುಂದುವರಿಸು, ಡಾಕ್ಟರ್ ಸಾಕು ಅನ್ನುವವರೆಗೆ.

ಅವನ ಹಿಂದೆ ಅಂಟಿದ್ದ ಮೆತ್ತನೆಯದನ್ನು ನೋಡಿ ಭೇದಿ ಅಂದೆಯಲ್ಲ. ದ್ರಾಕ್ಷಿ ಗೊಂಚಲಿನ ಹಾಗೆ ಹೊಳೆಯುತ್ತಿತ್ತು, ವಾಸನೆ ಇತ್ತು ಅಂದರೆ ಅದು ಭೇದಿ ಅಲ್ಲ. ಮೊಲ ಎರಡು ಬಗೆಯದು ಹಾಕುತ್ತದೆ. ಗಟ್ಟಿಯದು ನಮಗೆ ಕಾಣುತ್ತದೆ. ಮೆತ್ತನೆಯದು ಸೀಕಂ ಅನ್ನುವ ಚೀಲದಲ್ಲಿ ಹುಳಿಬಂದು ತಯಾರಾದದ್ದು. ಅದನ್ನು ಮೊಲ ನೇರ ಬಾಯಿಗೇ ತೆಗೆದುಕೊಂಡು ತಿನ್ನುತ್ತದೆ. ಅಸಹ್ಯ ಪಡಬೇಡ, ಬೇಕಾದ ವಿಟಮಿನ್ ಅದರಲ್ಲೇ ಇದೆ. ಅದನ್ನು ತಿನ್ನದೆ ಬಿಟ್ಟಿದ್ದಾನೆ ಅಂದರೆ ಬಗ್ಗಲು ನೋವಿರಬಹುದು, ಇಲ್ಲವೇ ಪೆಲೆಟ್, ಅಂದರೆ ಅಂಗಡಿಯ ಗುಳಿಗೆ ಮೇವು, ಜಾಸ್ತಿಯಾಗಿರಬಹುದು. ಅದನ್ನೂ ಬರೆದಿಡು. ನೀರಿನ ಹಾಗೆ ಹೋದರೆ ಮಾತ್ರ ಒಂದು ನಿಮಿಷ ಕಾಯಬೇಡ.

ಗುಂಡನಿಗೆ ಇದು ಮೂರನೆಯ ಸಲ. ನನಗೆ ಕೊರೆಯುತ್ತಿರುವುದು ಇದೇ. ಪ್ರತಿ ಸಲವೂ ಕರುಳು ಓಡಿಸಿ ಮನೆಗೆ ಕರೆದುಕೊಂಡು ಬಂದರೆ ಆಗಲಿಲ್ಲ, ಯಾಕೆ ನಿಲ್ಲುತ್ತಿದೆ ಅಂತ ಹುಡುಕಬೇಕು. ಗೆಲುವಾದ ಮೇಲೆ ದವಡೆ ಹಲ್ಲು ತೋರಿಸು. ಮೊಲದ ಹಲ್ಲು ಬದುಕಿರುವಷ್ಟು ದಿನವೂ ಬೆಳೆಯುತ್ತದೆ. ಸರಿಯಾಗಿ ಸವೆಯದಿದ್ದರೆ ಅಂಚು ಚೂಪಾಗಿ ನಾಲಿಗೆ, ಕೆನ್ನೆ ಕೊಯ್ಯುತ್ತದೆ. ಹೊರಗಿನಿಂದ ಮುಂದಿನ ಹಲ್ಲು ಚೆನ್ನಾಗೇ ಕಾಣುತ್ತದೆ, ಮೋಸ ಹೋಗಬೇಡ. ಮೂತ್ರದಲ್ಲಿ ಕಲ್ಲು, ಕೀಲುನೋವು, ಇವೂ ಊಟ ಬಿಡಿಸುತ್ತವೆ. ಇನ್ನೊಂದು ಅನುಮಾನ. ಗುಂಡ ಹೆಚ್ಚುಕಡಿಮೆ ಪೂರ್ತಿ ಬಿಳಿ. ಮೂಗಿನ ಹತ್ತಿರ, ಕಣ್ಣಿನ ಸುತ್ತ, ಕಿವಿಗೆ ಮಾತ್ರ ಕಪ್ಪು. ಚುಕ್ಕೆಯ ವಂಶವಾಹಿ ತಾಯಿಯಿಂದಲೂ ತಂದೆಯಿಂದಲೂ ಬಂದ ಮೊಲಗಳು ಹೀಗಿರುತ್ತವೆ. ಅಂಥವುಗಳಲ್ಲಿ ಕೆಲವಕ್ಕೆ ಕರುಳೇ ಹುಟ್ಟಿನಿಂದ ಮಂದ, ಹಿಕ್ಕೆ ದೊಡ್ಡದಾಗಿ ಆಕಾರ ಕೆಟ್ಟಿರುತ್ತದೆ. 'ಮೆಗಾಕೋಲನ್' ಅನ್ನುತ್ತಾರೆ. ಇದೆಯೇ ಅಂತ ಡಾಕ್ಟರನ್ನು ಕೇಳು. ಇದ್ದರೆ ಪೂರ್ತಿ ವಾಸಿ ಆಗುವ ಮಾತಿಲ್ಲ, ಹುಷಾರಾಗಿ ಸಾಕುತ್ತಾ ಹೋಗಬೇಕು. ನೀನು ತಪ್ಪು ಮಾಡಿದ್ದಕ್ಕೆ ಬಂದದ್ದಂತೂ ಅಲ್ಲ.

ಊಟದ ವಿಷಯ ನಿನಗೆ ಗೊತ್ತೇ ಇದೆ. ಒಣಹುಲ್ಲು ಯಾವಾಗಲೂ ಎದುರಿಗಿರಲಿ, ತಿನ್ನುವುದರಲ್ಲಿ ಐದರಲ್ಲಿ ನಾಲ್ಕು ಪಾಲು ಅದೇ ಆಗಬೇಕು. ಕ್ಯಾರೆಟ್ ಸಿಹಿತಿಂಡಿ ಇದ್ದ ಹಾಗೆ. ಚಿತ್ರಗಳಲ್ಲಿ ಮೊಲದ ಕೈಗೆ ಕ್ಯಾರೆಟ್ ಕೊಟ್ಟವರನ್ನು ನಾಲ್ಕು ಮಾತು ಬೈಯಬೇಕು ಅನ್ನಿಸುತ್ತದೆ ನನಗೆ. ನೀರನ್ನು ಬಾಟಲಿ ಬಿಟ್ಟು ಬಟ್ಟಲಿನಲ್ಲಿಡು, ಜಾಸ್ತಿ ಕುಡಿಯುತ್ತಾನೆ. ಕೂದಲು ಉದುರುವ ಕಾಲದಲ್ಲಿ ದಿನವೂ ಬಾಚು. ಅವನ ಜೊತೆಗಾತಿ ಮೊಲವನ್ನು ಬೇರೆ ಮಾಡಬೇಡ, ಡಾಕ್ಟರ ಹತ್ತಿರ ಹೋಗುವಾಗಲೂ ಇಬ್ಬರನ್ನೂ ಒಟ್ಟಿಗೆ ಕರೆದುಕೊಂಡು ಹೋಗು.

ನೀನು ಕೇಳಿದೆ, 'ಗುಂಡ ಉಳಿಯದಿದ್ದರೆ ದೊಡ್ಡಮ್ಮ?' ಅಂತ. ಫೋನಿನಲ್ಲಿ ಮಾತು ಹಾರಿಸಿದೆ. ಉಳಿಯುವ ಮೊಲಗಳು ಬಹಳ ಇವೆ, ಬೇಗ ನೋಡಿಕೊಂಡರೆ. ಆದರೆ ನೋವಿನ ಔಷಧಿಗೂ ಬಗ್ಗದೆ, ದಿನಗಟ್ಟಲೆ ಏನೂ ಒಳಗೆ ಹೋಗದೆ, ಜೊತೆಗಾತಿಯ ಕಡೆಗೂ ತಿರುಗಿ ನೋಡದೆ ಕೂತರೆ, ಡಾಕ್ಟರನ್ನು ನೇರವಾಗಿ ಕೇಳು: 'ನಿಮ್ಮ ಮೊಲ ಆಗಿದ್ದರೆ ಏನು ಮಾಡುತ್ತಿದ್ದಿರಿ?' ಅವರು ಹೇಳಿದ್ದನ್ನು ಕೇಳಿ ಒಂದು ಗಂಟೆ ಅವನ ಪಕ್ಕದಲ್ಲಿ ಕೂತು, ಆಮೇಲೆ ನನಗೆ ಫೋನ್ ಮಾಡು. ಒಬ್ಬಳೇ ನಿರ್ಧಾರ ಮಾಡಬೇಡ. ಈಗ ಆ ಹೊತ್ತು ಬಂದಿಲ್ಲ. ನಿನ್ನೆ ರಾತ್ರಿ ನಾಲ್ಕು ಹಿಕ್ಕೆ ಹಾಕಿದ್ದಾನೆ, ನೀನೇ ಹೇಳಿದೆ.

ಶುಕ್ರವಾರ ನಾನು ಬರುತ್ತೇನೆ. ನನ್ನ ಹಳೆಯ ಟವೆಲ್‌ಗಳನ್ನೂ ತರುತ್ತೇನೆ, ನಿನ್ನವು ಆಗಲೇ ಹಾಳಾಗಿರುತ್ತವೆ. ರಾತ್ರಿ ಎರಡು ಗಂಟೆಯ ಸಿರಿಂಜ್ ನನ್ನದು. ನೀನು ಆ ಎರಡು ದಿನ ಮಲಗು.

ನಿನ್ನ,
ದೊಡ್ಡಮ್ಮ